ಏರಿಯ ಬುಡದ ಬಿಳಿ ಗೆರೆ

ಗುರುವಾರ, ಬೆಳಿಗ್ಗೆ

ಪ್ರಿಯ ಹಲಗೆ,

ಈ ಕಾಗದ ನಕ್ಷೆ ವಿಭಾಗದ ಮುಖ್ಯಸ್ಥರಿಗಲ್ಲ. ಅವರಿಗೆ ಬರೆಯಬೇಕಾದದ್ದನ್ನೆಲ್ಲ ಬರೆದು, ಅವರ ಮೇಲಿನವರಿಂದ ಎಚ್ಚರಿಕೆಯ ಪತ್ರವನ್ನೂ ಇಸಿದುಕೊಂಡಾಗಿದೆ. ಇದು ಅದೇ ಕುರ್ಚಿಯಲ್ಲಿ ಕೂತಿರುವ ನನ್ನ ಗಂಡನಿಗೆ. ಎರಡು ವರ್ಷದಿಂದ ಬೇರೆ ಮನೆ ಮಾಡಿಕೊಂಡಿದ್ದರೂ ಗಂಡನ ಹುದ್ದೆಗೆ ನೀನು ರಾಜೀನಾಮೆ ಕೊಟ್ಟಿಲ್ಲ, ನಾನು ಕೇಳಿಯೂ ಇಲ್ಲ. ಆದ್ದರಿಂದ ಕೂತು ಓದು. ಫೋನು ಮಾಡಿದರೆ ಮೂರನೇ ಮಾತಿಗೆ ‘ಆಮೇಲೆ ಮಾತಾಡೋಣ’ ಎಂದು ಇಟ್ಟುಬಿಡುತ್ತೀಯ. ಕಾಗದದ ಬಾಯಿಯನ್ನು ಹಾಗೆ ಮುಚ್ಚಲಾಗುವುದಿಲ್ಲ. ಹರಿದು ಹಾಕಬಹುದು ನಿಜ, ಆದರೆ ಹರಿಯುವ ಮೊದಲು ನೀನು ಪೂರ್ತಿ ಓದುತ್ತೀಯ. ಸಿಟ್ಟಿಗಿಂತ ನಿನಗೆ ಕುತೂಹಲ ಜಾಸ್ತಿ, ಅದು ನನಗೆ ಗೊತ್ತು.

ಜೀಪಿನ ಚಾಲಕನ ಕೈಯಲ್ಲಿ ನೀನು ಕಳಿಸಿದ ಹಾಳೆ ತಲುಪಿತು. ‘ಉಪಗ್ರಹ ಚಿತ್ರದಲ್ಲಿ ಕೆರೆ ಏರಿಯ ಬುಡದಲ್ಲಿ ಕಂಡ ಬಿಳಿ ಗೆರೆಗೆ ಅಲ್ಲಿ ಹಾಸಿದ ಕಲ್ಲಿನ ಒರಟುತನವೇ ಕಾರಣ, ತೇವವಲ್ಲ. ಏರಿ ಒಣಗಿದೆ, ಸುರಕ್ಷಿತವಾಗಿದೆ.’ ಅದರ ಕೆಳಗೆ ಅಂದಾಜು ಮಾಡಿದವರ ರುಜು ಎಂದು ಬರೆದು ಖಾಲಿ ಜಾಗ ಬಿಟ್ಟಿದ್ದೀಯ. ಆ ಜಾಗ ಖಾಲಿಯೇ ಇರುತ್ತದೆ. ನಾನು ರುಜು ಹಾಕುವುದಿಲ್ಲ. ಇವತ್ತೂ ಇಲ್ಲ, ನಾಳೆಯೂ ಇಲ್ಲ, ನಿನ್ನ ಮೇಲಿನ ದೊಡ್ಡವರೇ ಬಂದು ಪಕ್ಕದಲ್ಲಿ ನಿಂತು ಕೈಗೆ ಪೆನ್ನು ತುರುಕಿದರೂ ಇಲ್ಲ. ಪಾಪ, ಚಾಲಕ ಬಾಗಿಲಲ್ಲೇ ನಿಂತು, ‘ಮೇಡಂ, ಒಂದು ಗೀಚು ಗೀಚಿಬಿಡಿ, ಸಾಹೇಬ್ರು ಕಾಯ್ತಾ ಇದಾರೆ’ ಎಂದು ಗೋಗರೆದ. ಅವನಿಗೆ ಟೀ ಮಾಡಿಕೊಟ್ಟೆ. ಗೀಚು ಕೊಡಲಿಲ್ಲ.

ಸೋಮವಾರ ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಾರೆ. ಏರಿಯ ರಿಪೇರಿ ಆದ ಮೇಲೆ ಕೆರೆ ಮೊದಲ ಸಲ ಅಂಚಿನವರೆಗೆ ತುಂಬುತ್ತದೆ. ತುಂಬಿಸಬಹುದು ಎಂದು ಅವರು ಧೈರ್ಯ ಮಾಡಿರುವುದು ನಿನ್ನ ನಕ್ಷೆ ನೋಡಿಕೊಂಡು. ಏರಿಯ ಕೆಳಗೆ ಒಂದು ಬೀದಿ ಇದೆ. ಆ ಬೀದಿಯ ಕೊನೆಯ ಮನೆಯಲ್ಲಿ, ಏರಿಯ ಬೇಲಿಗೆ ಹಿತ್ತಲು ತಾಗಿಸಿಕೊಂಡು, ನಿನ್ನ ಅಮ್ಮ ಇದ್ದಾರೆ. ಇಷ್ಟನ್ನು ನಾನು ನಿನಗೆ ಬರೆದು ತಿಳಿಸಬೇಕಾದ ಗತಿ ಬಂತಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತದೆ.

ಹೊಸಬರಿಗೆ ನಾವಿಬ್ಬರೂ ಸೇರಿ ಹೇಳಿಕೊಡುತ್ತಿದ್ದ ಪಾಠವನ್ನೇ ಮತ್ತೆ ಒಪ್ಪಿಸುತ್ತೇನೆ, ಸಹಿಸಿಕೋ. ನಮ್ಮ ಉಪಗ್ರಹ ಫೋಟೊ ತೆಗೆಯುವುದಿಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮ ತರಂಗಗಳನ್ನು ತಾನೇ ನೆಲಕ್ಕೆ ಕಳಿಸಿ, ಮರಳಿ ಬಂದ ದನಿಗೆ ಕಿವಿಗೊಡುತ್ತದೆ. ಮೋಡವಿದ್ದರೂ ಅದಕ್ಕೆ ಲೆಕ್ಕವಿಲ್ಲ, ಕತ್ತಲಿದ್ದರೂ ಲೆಕ್ಕವಿಲ್ಲ. ಒಣಗಿದ ನುಣುಪು ನೆಲ ಆ ತರಂಗವನ್ನು ಆಚೆಗೆ ಜಾರಿಸಿಬಿಡುತ್ತದೆ, ಹಾಗಾಗಿ ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ. ಒದ್ದೆ ನೆಲ ಜೋರಾಗಿ ಮರುದನಿ ಕೊಡುತ್ತದೆ, ಬೆಳ್ಳಗೆ ಕಾಣುತ್ತದೆ. ಕಷ್ಟವೇನೆಂದರೆ ಒರಟು ನೆಲವೂ ಬೆಳ್ಳಗೇ ಕಾಣುತ್ತದೆ. ಉತ್ತ ಹೊಲ, ಕಲ್ಲುಹಾಸು, ಎತ್ತರದ ಹುಲ್ಲು, ಎಲ್ಲವೂ ಅಷ್ಟೇ. ಬಿಳಿ ಕಂಡಲ್ಲಿ ತೇವದ ಪಾಲೆಷ್ಟು, ಒರಟಿನ ಪಾಲೆಷ್ಟು ಎಂದು ಬೇರ್ಪಡಿಸುವುದೇ ನಮ್ಮ ಹೊಟ್ಟೆಪಾಡು.

ಆ ಹೊಟ್ಟೆಪಾಡಿನಲ್ಲಿ ಒರಟು ನಿನ್ನ ಪಾಲಿಗೆ ಬಂತು, ತೇವ ನನ್ನ ಪಾಲಿಗೆ. ಮೊದಲು ನಿನ್ನನ್ನು ನೋಡಿದಾಗ ನೀನು ಒಂದು ಆಳೆತ್ತರದ ಹಲಗೆ ಹೊತ್ತು ಹೊಲದ ಬದುವಿನ ಮೇಲೆ ಓಲಾಡುತ್ತ ಬರುತ್ತಿದ್ದೆ. ಅದನ್ನು ನೆಲದ ಮೇಲೆ ಅಡ್ಡ ನಿಲ್ಲಿಸಿದರೆ ಸಾಲಾಗಿ ಜೋಡಿಸಿದ ಕಡ್ಡಿಗಳು ಇಳಿದು ಮಣ್ಣಿನ ಉಬ್ಬುತಗ್ಗನ್ನು ತೋರಿಸುತ್ತಿದ್ದವು. ನಾನು ಮಣ್ಣಿನ ಡಬ್ಬಿಗಳ ಚೀಲ ನೇತುಹಾಕಿಕೊಂಡು ಹಿಂದೆ. ಹಸಿ ಮಣ್ಣು ತೂಗು, ಒಲೆಯಲ್ಲಿ ಒಣಗಿಸು, ಮತ್ತೆ ತೂಗು. ಜೊತೆಯವರು ನಮಗೆ ಹಲಗೆ, ಡಬ್ಬಿ ಎಂದು ಹೆಸರಿಟ್ಟರು. ಹಲಗೆಗೆ ತಕ್ಕ ಡಬ್ಬಿ ಎಂದು ಮದುವೆಯ ದಿನ ಎಲ್ಲರೂ ಆಡಿಕೊಂಡರು. ಡಬ್ಬಿಗಳ ಚೀಲ ಹರಿದಾಗಲೆಲ್ಲ ಹೊಲಿದು ಕೊಡುತ್ತಿದ್ದವರು ನಿನ್ನ ಅಮ್ಮ. ‘ಊರವರ ಬಟ್ಟೆ ಹೊಲಿದದ್ದಾಯ್ತು, ಈಗ ಮಣ್ಣಿಗೂ ಅಂಗಿ ಹೊಲೀಬೇಕಾ?’ ಎನ್ನುತ್ತಲೇ ಜೋಡಿ ಹೊಲಿಗೆ ಹಾಕುತ್ತಿದ್ದರು.

ಒಂದೇ ಕಡೆಯಿಂದ ಒಂದೇ ಸಲ ನೋಡಿದರೆ ಒರಟೂ ತೇವವೂ ಒಂದೇ ಥರ ಕಾಣುತ್ತವೆ ಎಂದು ಹೊಸಬರಿಗೆ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದವನು ನೀನೇ. ಮನೆಗೆ ಬಂದರೆ ಮಾತ್ರ ಆ ಪಾಠ ಮರೆತುಹೋಗುತ್ತಿತ್ತು. ನಾನು ಅತ್ತಾಗಲೆಲ್ಲ ನೀನು ‘ನಿನ್ನ ಸ್ವಭಾವವೇ ಒರಟು’ ಎನ್ನುತ್ತಿದ್ದೆ. ಇರಲಿ, ಆ ಜಗಳಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳೋಣ. ಇವತ್ತು ಏರಿಯದು.

ಹಿಂದಿನ ಸಲದ್ದನ್ನು ಮಾತ್ರ ಎತ್ತದೆ ವಿಧಿಯಿಲ್ಲ, ನೀನು ಹೆದರಿರುವುದೇ ಅದಕ್ಕೆ. ಉಪಗ್ರಹ ಬೆಳಿಗ್ಗೆ ಹಾದುಹೋಗುವಾಗ ನಮ್ಮ ಏರಿಯನ್ನು ಊರಿನ ಕಡೆಯಿಂದ ನೋಡುತ್ತದೆ, ಸಂಜೆ ಹಾದುಹೋಗುವಾಗ ಕೆರೆಯ ಕಡೆಯಿಂದ. ತನಗೆ ಮುಖ ಕೊಟ್ಟು ನಿಂತ ಇಳಿಜಾರು ಯಾವತ್ತೂ ಬೆಳ್ಳಗೆ ಹೊಳೆಯುತ್ತದೆ, ಅದು ಒಣಗಿ ಬಿರುಕು ಬಿಟ್ಟಿದ್ದರೂ ಸರಿ. ಅದಕ್ಕೇ ಬೆಳಗಿನ ಚಿತ್ರವನ್ನು ಬೆಳಗಿನದರ ಪಕ್ಕ, ಸಂಜೆಯದನ್ನು ಸಂಜೆಯದರ ಪಕ್ಕ ಇಟ್ಟು ನೋಡಬೇಕು. ಇದು ನಮ್ಮ ಕೆಲಸದ ಅ ಆ ಇ ಈ. ಆವತ್ತು ಅವಸರದಲ್ಲಿ ನೀನು ಸಂಜೆಯ ಚಿತ್ರದ ಪಕ್ಕ ಮರುದಿನ ಬೆಳಗಿನದನ್ನು ಇಟ್ಟೆ. ಊರಿನ ಕಡೆಯ ಇಡೀ ಇಳಿಜಾರು ರಾತ್ರಿ ಬೆಳಗಾಗುವುದರೊಳಗೆ ಬೆಳ್ಳಗಾದಂತೆ ಕಂಡಿತು. ಏರಿ ನೆನೆದುಹೋಯಿತು ಎಂದು ಕೂಗೆಬ್ಬಿಸಿದೆ. ಆ ಬೀದಿಯ ಜನ ಮಕ್ಕಳು ಮರಿ ಕಟ್ಟಿಕೊಂಡು ಶಾಲೆಯ ಕೋಣೆಗಳಲ್ಲಿ ಮಲಗಿದರು. ಏರಿ ಬೆಂಕಿಪೊಟ್ಟಣದ ಹಾಗೆ ಒಣಗಿತ್ತು.

ಆಮೇಲೆ ಊರು ನಿನಗೆ ‘ಒದ್ದೆ ಸಾಹೇಬ’ ಎಂದು ಹೆಸರಿಟ್ಟಿತು. ಕ್ಷೌರದಂಗಡಿಯಲ್ಲಿ ನಿನ್ನ ತಲೆಗೆ ನೀರು ಚಿಮುಕಿಸುವಾಗಲೂ ಜನ ಮುಸಿಮುಸಿ ನಕ್ಕರಂತೆ. ತನಿಖೆಗೆ ಕರೆದಾಗ ನೀನು, ಲೆಕ್ಕ ಹಾಕಿದ್ದು ಅವಳು, ಎಂದುಬಿಟ್ಟೆ. ಲೆಕ್ಕ ನನ್ನದೇ, ಸರಿಯಾಗಿಯೂ ಇತ್ತು. ಚಿತ್ರ ಆರಿಸಿಕೊಟ್ಟದ್ದು ಯಾರು ಎಂದು ಅವರು ನನ್ನನ್ನು ಕೇಳಲಿಲ್ಲ, ನಾನಾಗಿ ಹೇಳಲಿಲ್ಲ. ನನ್ನನ್ನು ಮಣ್ಣು ಒಣಗಿಸುವ ಕೋಣೆಗೆ ತಳ್ಳಿದರು. ಬೇರೆ ಯಾರಿಗೂ ಬಾರದ್ದರಿಂದ ತೇವದ ಅಂದಾಜು ಮಾತ್ರ ನನ್ನ ಬಳಿಯೇ ಉಳಿಯಿತು. ನೀನು ಮುಖ್ಯಸ್ಥನಾದೆ. ಮನೆಯಲ್ಲಿ ಆ ವಿಷಯ ಎತ್ತಿದ ದಿನ ನೀನು ಪೆಟ್ಟಿಗೆ ತುಂಬಿಕೊಂಡೆ. ಆಗ ಸುಮ್ಮನಿದ್ದದ್ದು ನಿನ್ನ ಮೇಲಿನ ಪ್ರೀತಿಗೆ. ಈಗ ಸುಮ್ಮನಿರದೆ ಇರುವುದೂ ಅದಕ್ಕೇ ಎಂದರೆ ನೀನು ನಂಬುವುದಿಲ್ಲ, ಬಿಡು.

ಈ ಸಲ ನಾನು ನೋಡಿರುವುದು ಬೆಳಗಿನ ಚಿತ್ರಗಳನ್ನು ಮಾತ್ರ. ಎಲ್ಲವೂ ಒಂದೇ ದಿಕ್ಕಿನಿಂದ, ಒಂದೇ ಕೋನದಲ್ಲಿ ಕಂಡವು. ರಿಪೇರಿ ಮಾಡಿದವರು ಏರಿಯ ಬುಡಕ್ಕೆ ಕಲ್ಲು ಹಾಸಿದ್ದಾರೆ, ಒಪ್ಪಿದೆ. ಕಲ್ಲು ಬೆಳ್ಳಗೆ ಕಾಣುತ್ತದೆ, ಅದನ್ನೂ ಒಪ್ಪಿದೆ. ಆದರೆ ನನ್ನ ಗೆರೆ ಒಂದೇ ಸಮ ನಿಲ್ಲುವುದಿಲ್ಲ ಮಾರಾಯ. ಅಣೆಕಟ್ಟಿನಿಂದ ಸ್ವಲ್ಪ ಬಿಟ್ಟು ಕೆರೆಯ ನೀರು ಏರಿದ ವಾರ ಅದು ಬೆಳ್ಳಗಾಗುತ್ತದೆ. ನೀರು ಇಳಿದ ಮೇಲೆ ನಾಲ್ಕಾರು ದಿನ ಬಿಟ್ಟು ಮಂಕಾಗುತ್ತದೆ. ಮತ್ತೆ ನೀರು ಏರಿದರೆ ಮತ್ತೆ ಬೆಳ್ಳಗಾಗುತ್ತದೆ, ಪ್ರತಿ ಸಲವೂ ಇನ್ನಷ್ಟು ಉದ್ದವಾಗುತ್ತದೆ. ಈ ನಡುವೆ ಒಂದು ಹನಿ ಮಳೆ ಬಿದ್ದಿಲ್ಲ. ಕಲ್ಲು ಕೆರೆಯ ನೀರು ನೋಡಿಕೊಂಡು ಹಿಗ್ಗಿ ಕುಗ್ಗುತ್ತದೆಯೇ? ಹಾಗೆ ಹಿಗ್ಗುವ ಕಲ್ಲು ಎಲ್ಲಿ ಸಿಗುತ್ತದೆ ಎಂದು ಹೇಳು, ಮನೆಗೆ ಎರಡು ತಂದಿಟ್ಟುಕೊಳ್ಳುತ್ತೇನೆ.

ಹುಲ್ಲು ಬೆಳೆದಿರಬಹುದು ಎಂದು ಹಾಳೆಯ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿದ್ದೀಯ. ಅದನ್ನೂ ನೋಡಿದೆ. ಹುಲ್ಲು ಪೊದೆಯಲ್ಲಿ ಸಿಕ್ಕಿದ ತರಂಗ ಪಲ್ಟಿ ಹೊಡೆದು ಬರುತ್ತದೆ, ಅಂದರೆ ಮೇಲೆ ಕೆಳಗೆ ಕುಣಿಯುತ್ತ ಹೋದದ್ದು ಅಡ್ಡಡ್ಡ ಕುಣಿಯುತ್ತ ಮರಳುತ್ತದೆ. ಒದ್ದೆ ಮಣ್ಣಿಗೆ ಬಡಿದದ್ದು ಹೆಚ್ಚುಕಡಿಮೆ ಹೋದ ಭಂಗಿಯಲ್ಲೇ ವಾಪಸು ಬರುತ್ತದೆ. ಇಲ್ಲಿ ಹೆಚ್ಚಾಗಿರುವುದು ಹೋದ ಭಂಗಿಯಲ್ಲೇ ಬಂದದ್ದು. ಇನ್ನೂ ಒಂದು ಮಾತು. ಅದೇ ಗುಡ್ಡದಿಂದ ಅದೇ ಲಾರಿಗಳಲ್ಲಿ ತಂದ ಅದೇ ಕಲ್ಲನ್ನು ಏರಿಯ ಆ ತುದಿಗೂ ಹಾಸಿದ್ದಾರೆ. ಅಲ್ಲಿಯ ಬಿಳಿ ರಿಪೇರಿ ಮುಗಿದ ದಿನ ಹೇಗಿತ್ತೋ ಇವತ್ತೂ ಹಾಗೇ ಇದೆ. ಕೆರೆ ಏರಿದರೂ ಅಷ್ಟೇ, ಇಳಿದರೂ ಅಷ್ಟೇ. ಆ ತುದಿಯ ಕಲ್ಲು ಕಲ್ಲಿನ ಹಾಗೆ ಇದೆ. ಈ ತುದಿಯಲ್ಲಿ ಕಲ್ಲಿನ ಕೆಳಗೆ ನೀರು ಬರುತ್ತಿದೆ.

ಇದೆಲ್ಲ ನಿನಗೆ ಹೊಳೆದಿಲ್ಲ ಎಂದುಕೊಳ್ಳಲು ನಾನು ದಡ್ಡಿಯಲ್ಲ. ನನಗಿಂತ ಮೊದಲೇ ಹೊಳೆದಿದೆ. ಅದಕ್ಕೇ ನಿನ್ನ ನಕ್ಷೆಯಲ್ಲಿ ಗೆರೆಯನ್ನು ಅಳಿಸಿ, ಆ ಜಾಗಕ್ಕೆ ಅಕ್ಕಪಕ್ಕದ ಒಣನೆಲದ ಸರಾಸರಿಯನ್ನು ತುಂಬಿದ್ದೀಯ. ಎಷ್ಟು ನಯವಾದ ತೇಪೆ! ಅಮ್ಮನ ಮಗ ಅಲ್ಲವೇ, ಹೊಲಿಗೆ ಕಾಣುವುದೇ ಇಲ್ಲ. ಹಾವು ಕಂಡು ಹೆದರಿದವನು ಹಗ್ಗ ಕಂಡರೂ ಹಾರುತ್ತಾನೆ ಅನ್ನುತ್ತಾರೆ. ನಿನ್ನದು ತಿರುವು ಮುರುವು. ಹಗ್ಗವನ್ನು ಹಾವು ಎಂದು ಕೂಗಿ ಒಮ್ಮೆ ನಗೆಪಾಟಲಾದೆ, ಈಗ ಹಾವೇ ಬಂದು ಕೂತರೂ ಹಗ್ಗ ಎನ್ನುತ್ತಿದ್ದೀಯ. ಆ ಹಾವು ಮಲಗಿರುವುದು ನಿನ್ನ ಅಮ್ಮನ ಬೇಲಿಯ ಬದಿಯಲ್ಲಿ.

ನೆಲದ ಸಾಕ್ಷಿ ಎಲ್ಲಿ ಎಂದು ಸಭೆಯಲ್ಲಿ ಎಲ್ಲರ ಮುಂದೆ ಕೇಳಿದೆಯಲ್ಲ, ಆಕಾಶದಿಂದ ಕಂಡದ್ದನ್ನು ನೆಲದ ಮೇಲೆ ನಿಂತು ಪರೀಕ್ಷಿಸದೆ ಹೇಗೆ ಒಪ್ಪುವುದು ಎಂದು. ಸರಿಯಾದ ಪ್ರಶ್ನೆಯೇ. ಆದರೆ ಏರಿಯ ಸುತ್ತ ಬೇಲಿ ಹಾಕಿ ಬೀಗ ಜಡಿದಿದ್ದಾರೆ. ಒಳಗೆ ಹೋಗಿ ಒಂದು ಡಬ್ಬಿ ಮಣ್ಣು ತರಲು ಅನುಮತಿ ಬೇಕು. ಅನುಮತಿಗೆ ಬೇಕಾದದ್ದು ನಿನ್ನ ರುಜು. ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಸಾಕ್ಷಿ ತಾ ಎನ್ನುವುದು ಯಾವ ನ್ಯಾಯ? ಎರಡು ಸಲ ಅರ್ಜಿ ಕೊಟ್ಟೆ. ಎರಡೂ ನಿನ್ನ ಮೇಜಿನ ಮೇಲೆ ಪೇಪರ್‌ವೆಯ್ಟಿನ ಕೆಳಗೆ ಇವೆ, ಚಾಲಕ ನೋಡಿ ಬಂದು ಹೇಳಿದ.

ಬೀದಿಗೂ ಹೋಗಿ ಬಂದೆ. ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿಕೊಂಡು ಮನೆಮನೆಯ ಬಾಗಿಲು ತಟ್ಟಿದೆ. ಮೂಲೆಯ ಮನೆಯ ಬಡಗಿ ನಾನು ಮಾತು ಮುಗಿಸುವ ತನಕ ಕೇಳಿ, ‘ಒದ್ದೆ ಸಾಹೇಬ್ರ ಮನೆಯವರಲ್ವಾ ನೀವು?’ ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ. ‘ನೋಡಿ ಮೇಡಂ, ನಮಗೆ ನಕ್ಷೆ ಗಿಕ್ಷೆ ತಿಳಿಯಲ್ಲ. ಸಾಹೇಬ್ರ ಸ್ವಂತ ತಾಯಿ ಆ ಕೊನೇ ಮನೇಲಿದಾರೆ. ಅಪಾಯ ಇದ್ರೆ ಹೆತ್ತ ತಾಯಿನ ಅಲ್ಲಿ ಬಿಡ್ತಾರಾ ಯಾರಾದ್ರೂ?’ ಇಡೀ ಬೀದಿಯ ಮಾತು ಇದೇ. ನಲ್ಲಿಯ ಪಕ್ಕದ ಗೋಡೆಗೆ ನೀನು ಅಂಟಿಸಿದ ನಕ್ಷೆಯನ್ನು ಯಾರೂ ನೋಡುವುದಿಲ್ಲ. ಅವರು ನೋಡುವುದು ನಿನ್ನ ಅಮ್ಮನ ಮನೆಯ ದೀಪ ಉರಿಯುತ್ತಿದೆಯೇ ಎಂದು. ದೀಪ ಉರಿದರೆ ಅವರೂ ಇರುತ್ತಾರೆ. ನನ್ನ ರುಜು ಬೀಳುವ ಮೊದಲೇ ಆ ನಕ್ಷೆಯನ್ನು ಅಂಟಿಸಿದ್ದೀಯ ಎಂಬುದನ್ನೂ ಗಮನಿಸಿದೆ.

ನಿನ್ನ ಅಮ್ಮನನ್ನು ಹೊರಡಿಸಲು ನಾನು ಪಟ್ಟ ಪಾಡು ನಿನಗೇನು ಗೊತ್ತು! ನಮ್ಮ ಮನೆಗೆ ಬನ್ನಿ, ನಾಲ್ಕು ದಿನ ಇದ್ದು ಬರುವಿರಂತೆ ಎಂದೆ. ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ‘ನನ್ನ ಮಗ ಕಲ್ಲು ಅಂದ್ರೆ ಕಲ್ಲು. ಅವನು ಒಂದು ಸಲ ಎಡವಿದ್ದಕ್ಕೆ ಊರೆಲ್ಲ ನಕ್ತು. ಈಗ ನಾನೂ ಗಂಟುಮೂಟೆ ಕಟ್ಟಿದ್ರೆ ಅವನ ಮಾತಿಗೆ ಹೆತ್ತವಳೇ ಬೆಲೆ ಕೊಡಲಿಲ್ಲ ಅಂತಾರೆ’ ಎಂದರು. ಅವರು ಅಲ್ಲಿ ಕೂತಿರುವುದು ನಿನ್ನ ಮಾನ ಕಾಯಲು, ಕೇಳಿಸಿತೇ? ಬೀದಿ ಕೂತಿರುವುದು ಅವರನ್ನು ನೋಡಿ. ಎಲ್ಲರೂ ಕೂತಿರುವುದು ನೀನು ಅಳಿಸಿದ ಒಂದು ಗೆರೆಯ ಕೆಳಗೆ. ಅಳಿಸಿದವನು ನೀನು ಎಂದು ನಾನು ಅವರಿಗೆ ಹೇಳಿಲ್ಲ. ಅವರ ಮುಖ ನೋಡಿಕೊಂಡು ಹೇಳುವುದು ನನ್ನಿಂದ ಆಗಲಿಲ್ಲ. ಅದನ್ನು ಹೇಳಬೇಕಾದವನು ನೀನು.

ದೊಡ್ಡವರ ಎಚ್ಚರಿಕೆಗೆ ನನ್ನ ಉತ್ತರವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಬೇಕಾದರೆ ಓದಿ ತೋರಿಸು. ಜನರಲ್ಲಿ ಗಾಬರಿ ಹುಟ್ಟಿಸಿದರೆ ಕೆಲಸದಿಂದ ತೆಗೆಯುತ್ತಾರಂತೆ. ತೆಗೆಯಲಿ. ಮಣ್ಣು ಒಣಗಿಸುವ ಒಲೆಯ ಮುಂದೆ ಕೂತು ಕೂತು ನನಗೂ ಸಾಕಾಗಿದೆ, ಅಡುಗೆಯ ಒಲೆ ಇದಕ್ಕಿಂತ ವಾಸಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವವರ ಸಾಲಿನಲ್ಲಿ ಮಾತ್ರ ನಾನು ನಿಲ್ಲುವುದಿಲ್ಲ. ಒಂದು ಪಕ್ಷ ನನ್ನ ಲೆಕ್ಕವೇ ತಪ್ಪಾಗಿ ಏರಿ ಒಣಗಿಯೇ ಇದ್ದರೆ, ಊರು ನನ್ನನ್ನು ನೋಡಿ ನಗಲಿ. ಒದ್ದೆ ಮೇಡಂ ಎಂದು ಕರೆಯಲಿ, ಕರೆದರೆ ತಿರುಗಿಯೂ ನೋಡುತ್ತೇನೆ. ನಕ್ಕವರು ಯಾರೂ ಇಲ್ಲಿಯವರೆಗೆ ನನ್ನ ಮೈಯ ಒಂದು ಕೂದಲನ್ನೂ ಕೊಂಕಿಸಿಲ್ಲ. ನಿನಗೆ ಆ ನಗು ಎಷ್ಟು ನೋವು ಕೊಟ್ಟಿತು ಎಂದು ಬಲ್ಲೆ. ನೀನು ಕನ್ನಡಿಯ ಮುಂದೆ ಟೋಪಿ ಹಾಕಿ ನೋಡಿಕೊಂಡು, ಹೊರಗೆ ಹೋಗದೆ ಮತ್ತೆ ತೆಗೆದಿಟ್ಟ ಬೆಳಗುಗಳು ನನಗೆ ನೆನಪಿವೆ. ನನಗೆ ನಿನ್ನ ಮೇಲೆ ಸಿಟ್ಟಿದೆ, ಮರುಕವೂ ಇದೆ. ಸದ್ಯಕ್ಕೆ ಸಿಟ್ಟೇ ಜಾಸ್ತಿ.

ಸೋಮವಾರದೊಳಗೆ ಗೆರೆಯನ್ನು ಅದರ ಜಾಗಕ್ಕೆ ವಾಪಸು ಹಾಕು, ನೀರು ಬಿಡುವುದನ್ನು ತಡೆ. ಅಷ್ಟು ಧೈರ್ಯ ಸಾಲದಿದ್ದರೆ ಬೇಲಿಯ ಬೀಗವನ್ನಾದರೂ ತೆಗೆಸು, ಒಂದು ಡಬ್ಬಿ ಮಣ್ಣು ತೆಗೆದುಕೊಳ್ಳುತ್ತೇನೆ. ನೀನು ಹಲಗೆ ಹೊತ್ತು ಬಾ, ನಾನು ಬೇಡವೆನ್ನುವುದಿಲ್ಲ. ನಿನ್ನ ಒರಟನ್ನು ನೀನು ಅಳೆ, ನನ್ನ ತೇವವನ್ನು ನಾನು ಅಳೆಯುತ್ತೇನೆ. ಒಣಗಿದ್ದರೆ ನಿನ್ನ ಹಾಳೆಗೆ ಅಲ್ಲೇ, ಏರಿಯ ಮೇಲೆ ಕೂತು ರುಜು ಹಾಕುತ್ತೇನೆ. ಒದ್ದೆಯಿದ್ದರೆ ನೀನು ನೇರ ನಿನ್ನ ಅಮ್ಮನ ಬಾಗಿಲಿಗೆ ಹೋಗಿ, ‘ಹೊರಡಮ್ಮ’ ಎನ್ನಬೇಕು. ಅವರು ನಿನ್ನ ಮಾತಿಗೆ ಮಾತ್ರ ಏಳುತ್ತಾರೆ. ಅವರು ಎದ್ದರೆ ಬೀದಿ ಏಳುತ್ತದೆ.

ನಿನ್ನ ಹಾಳೆಯನ್ನು ರುಜುವಿಲ್ಲದೆ ಇದರ ಜೊತೆಗೇ ವಾಪಸು ಕಳಿಸಿದ್ದೇನೆ. ಹಿಂಬದಿ ಚೆನ್ನಾಗಿದೆ, ಬೇರೆ ಏನಾದರೂ ಬರೆಯಲು ಉಪಯೋಗಿಸು.

ಇಂತಿ,
ಕೆಲಸ ಹೋದರೂ ಅಂದಾಜು ಬದಲಿಸದ,
ನಿನ್ನ
ಡಬ್ಬಿ

ಮರೆತ ಮಾತು: ಈ ಕಾಗದವನ್ನು ನನ್ನ ಮನೆಯಿಂದ ಬರೆಯುತ್ತಿಲ್ಲ. ನಿನ್ನೆ ಸಂಜೆ ಒಂದು ಚೀಲ ಬಟ್ಟೆ ತೆಗೆದುಕೊಂಡು ಏರಿಯ ಕೆಳಗಿನ ಕೊನೆಯ ಮನೆಗೆ ಬಂದುಬಿಟ್ಟೆ. ಅತ್ತೆ ಹೊರಡದಿದ್ದರೆ ನಾನು ಬಂದು ಇರುತ್ತೇನೆ, ಅಷ್ಟೇ ತಾನೇ. ಬಾಗಿಲು ತೆಗೆದವರೇ, ‘ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ ಅಂತ ಕಾಯ್ತಾ ಇದ್ದೆ’ ಎಂದು ನಕ್ಕು ಒಳಗೆ ಕರೆದರು. ಸೋಮವಾರ ನೀರು ಬಿಡುವಾಗ ನಾವಿಬ್ಬರೂ ಇಲ್ಲೇ ಇರುತ್ತೇವೆ. ಕಲ್ಲೋ ನೀರೋ ಎಂದು ತೀರ್ಮಾನಿಸುವಾಗ ಈ ವಿಳಾಸ ನೆನಪಿರಲಿ. ಹಿತ್ತಲಲ್ಲಿ ಒಂದು ಡಬ್ಬಿ ಮಣ್ಣು ಅಗೆದುಕೊಳ್ಳುತ್ತೇನೆ ಎಂದರೆ, ‘ನನ್ನ ಮಗನ ಮಾತು ಸುಳ್ಳು ಅಂತ ತೋರಿಸೋಕೆ ನನ್ನ ಹಿತ್ತಲೇ ಬೇಕಾ?’ ಎಂದು ಹಿಂಬಾಗಿಲಿಗೆ ಬೀಗ ಹಾಕಿ, ಕೀಲಿಕೈಯನ್ನು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಾರೆ. ತಾಯಿಗೂ ಮಗನಿಗೂ ಬೀಗದ ಮೇಲೆ ಅದೇನು ಪ್ರೀತಿಯೋ. ಕೆಳಗೆ ತಾವೂ ಎರಡು ಸಾಲು ಬರೆಯುತ್ತಾರಂತೆ. ನಾನು ಓದಕೂಡದಂತೆ, ಲಕೋಟೆಯನ್ನು ತಾವೇ ಅಂಟಿಸಿ ಚಾಲಕನ ಕೈಗೆ ಕೊಡುತ್ತಾರಂತೆ. ಬರೆದುಕೊಳ್ಳಲಿ.

ಮಗಾ, ಇವಳು ಬಂದಿದಾಳೆ. ಸೊರಗಿದಾಳೆ, ಬಾಯಿ ಮಾತ್ರ ಹಾಗೇ ಇದೆ. ನೀನು ಹೇಳಿದ ಮೇಲೆ ಮುಗೀತು, ನಾನು ಎಲ್ಲಿಗೂ ಹೋಗಲ್ಲ, ನೀನು ಚಿಂತೆ ಮಾಡಬೇಡ. ಬಿಡುವಾದ್ರೆ ಭಾನುವಾರ ಬಾ, ಇಬ್ರನ್ನೂ ಒಟ್ಟಿಗೆ ನೋಡಿ ಬಹಳ ದಿನ ಆಯ್ತು. ಹಿಂದಿನಿಂದ ಬರೋ ಹಾಗಿದ್ರೆ ಹಿಡಿತ ಇರೋ ಬೂಟು ಹಾಕ್ಕೊಂಡು ಬಾ. ಮಳೆ ಇಲ್ಲ, ನಾನು ನೀರೂ ಚೆಲ್ಲಿಲ್ಲ, ಯಾಕೋ ಒಂದು ವಾರದಿಂದ ಹಿತ್ತಲು ಜಾರುತ್ತೆ. ಇವಳಿಗೆ ಹೇಳಿಲ್ಲ.
ಅಮ್ಮ